ಪಿಲಾರಮ್ಮ ಬಂದಾಗ ಭೂತಕಾಲ ಕೈಕೊಟ್ಟಿತು

ಕಾವ್ಯಶ್ರೀ ಸ್ಪ್ಯಾನಿಷ್ ಕಲಿಯಲು ಹೊರಟಿದ್ದಕ್ಕೆ ಒಂದೇ ಕಾರಣ. ಆ ಭಾಷೆಯಲ್ಲಿ ತಪ್ಪು ಮಾತಾಡಿದರೆ ಹಿಡಿಯುವವರು ಇಡೀ ಚಿತ್ರದುರ್ಗ ಜಿಲ್ಲೆಯಲ್ಲಿ ಯಾರೂ ಇರಲಿಲ್ಲ.

ಇಂಗ್ಲಿಷಿನ ಸಂಗತಿ ಹಾಗಲ್ಲ. ಕಾಲೇಜಿಗೆ ಸೇರಿದ ಹೊಸದರಲ್ಲಿ, ರಜೆಯಲ್ಲಿ ಎಲ್ಲಿಗೆ ಹೋಗಿದ್ದೆ ಎಂದು ಮೇಷ್ಟ್ರು ಕೇಳಿದಾಗ ಅವಳು ಎದ್ದು ನಿಂತು, 'ವೆಂಟ್' ಎನ್ನಬೇಕಾದಲ್ಲಿ 'ಐ ಗೋಡ್ ಟು ಬಬ್ಬೂರು' ಎಂದುಬಿಟ್ಟಿದ್ದಳು. ತರಗತಿಯೆಲ್ಲ ಗೊಳ್ಳೆಂದಿತು. ಅದಾದ ಮೇಲೆ ಹುಡುಗರು ಅವಳನ್ನು ಕಂಡಾಗಲೆಲ್ಲ 'ಏನಮ್ಮ, ಇವತ್ತೆಲ್ಲಿಗೆ ಗೋಡ್?' ಎನ್ನುತ್ತಿದ್ದರು. ಅಂದಿನಿಂದ ಇಂಗ್ಲಿಷಿನ ಮಟ್ಟಿಗೆ ಅವಳ ಬಾಯಿಗೆ ಬೀಗ ಬಿತ್ತು. ಆದರೆ ಮಾತಿನ ಮಲ್ಲಿಯಾದವಳಿಗೆ ಎಷ್ಟು ದಿನ ಸುಮ್ಮನಿರಲಾದೀತು? ಸಿರಿಗೆರೆಯ ಬಸ್ಸಿನಲ್ಲಿ ಕೂತು ಮೊಬೈಲ್ ಕೆದಕುತ್ತಿದ್ದಾಗ ಪುಕ್ಕಟೆ ಸ್ಪ್ಯಾನಿಷ್ ಪಾಠ ಕಣ್ಣಿಗೆ ಬಿತ್ತು. ಇದಾದರೆ ಯಾರ ಕಾಟವೂ ಇಲ್ಲವೆಂದು ಹಿಡಿದುಕೊಂಡಳು.

ಅಲ್ಲಿನ ಕ್ರಿಯಾಪದಗಳು ಅವಳಿಗೆ ಬಲು ಹಿಡಿಸಿದವು. ನೆಟ್ಟಗಿನವು ಬರೀ ಮೂರು ಬಗೆ: ಕೊನೆಯಲ್ಲಿ 'ಆರ್' ಇರುವವು, 'ಎರ್' ಇರುವವು, 'ಇರ್' ಇರುವವು. ಒಂದನ್ನು ಕಲಿತರೆ ಸಾಕು, ಅದೇ ಜಾತಿಯ ಉಳಿದವು ಮುಂದಿನ ಕುರಿಯ ಹಿಂದೆ ಹಿಂಡು ಬಂದ ಹಾಗೆ ಬರುತ್ತವೆ. ಜೋಗಿಮಟ್ಟಿ ಕಾಡಿನ ಸೆರಗಿನಲ್ಲಿದ್ದ ಅವರ ಹಟ್ಟಿಯಲ್ಲಿ ನೀರು ತುಂಬುವಾಗ, ಕಸ ಗುಡಿಸುವಾಗ ಅವಳದು ಒಂದೇ ಸಮನೆ ಪಠಣ: 'ಆಬ್ಲೊ, ಆಬ್ಲಾಸ್, ಆಬ್ಲಾ.'

"ಅದ್ಯಾವ ದೇವ್ರ ಮಂತ್ರನೇ?" ಎಂದು ಅಜ್ಜಿ ಚಿತ್ತಮ್ಮ ಕೇಳಿದಳು.

"ಮಂತ್ರ ಅಲ್ಲಜ್ಜಿ. ಮಾತಾಡ್ತೀನಿ, ಮಾತಾಡ್ತೀಯ, ಮಾತಾಡ್ತಾಳೆ ಅಂತ."

"ಮಾತಾಡ್ತೀನಿ ಮಾತಾಡ್ತೀನಿ ಅಂತ ಹೇಳ್ಕಂಡು ಯಾಕೆ ತಿರುಗ್ತೀಯ? ಮಾತಾಡು."

ವರ್ತಮಾನ ಕಾಲ ಅವಳಿಗೆ ನೀರು ಕುಡಿದಷ್ಟು ಸಲೀಸಾಯಿತು. ತೊಡಕು ಬಂದದ್ದು ಭೂತ, ಭವಿಷ್ಯತ್ತುಗಳಲ್ಲಿ. ಎರಡರಲ್ಲೂ ಒತ್ತು ಪದದ ತುದಿಗೇ ಬೀಳುತ್ತದೆ. 'ಎಂತ್ರೊ' ಎಂದರೆ ಒಳಗೆ ಬಂತು, 'ಎಂತ್ರರಾ' ಎಂದರೆ ಒಳಗೆ ಬರುತ್ತದೆ, ಬರಲಿದೆ. ಎರಡೂ ಕಲಸಿಹೋಗುತ್ತಿದ್ದವು. ಹೋದರೆ ಹೋಗಲಿ, ಯಾರು ಕೇಳಬೇಕು ಎಂದು ಬಿಟ್ಟುಕೊಂಡಿದ್ದಳು.

ಕೇಳುವವರು ಬಂದೇಬಿಟ್ಟರು. ಹಿರಿಯೂರಿನ ಕುರಿ ಸಾಕುವವರ ಸಂಘದ ಕಾರ್ಯದರ್ಶಿ ರೇವಣಸಿದ್ದಪ್ಪ ಒಂದು ಮಧ್ಯಾಹ್ನ ಜೀಪಿನಲ್ಲಿ ಹಟ್ಟಿಗೆ ಬಂದರು. ಜೊತೆಯಲ್ಲಿ ಅರವತ್ತರ ಆಸುಪಾಸಿನ ವಿದೇಶಿ ಹೆಂಗಸು. ಬಿಸಿಲಿಗೆ ಕೆಂಪಾದ ಮುಖ, ಗಂಟುಗಂಟಾದ ಬೆರಳು, ಕೈಯಲ್ಲೊಂದು ಊರುಗೋಲು. ಹೆಸರು ಪಿಲಾರ್. ಸ್ಪೇನಿನವಳು, ಅಲ್ಲಿ ಕುರಿ ಕಾಯುವುದೇ ಅವಳ ಬದುಕು. ಇಲ್ಲಿನ ಕುರಿಗಾರರನ್ನು ನೋಡಲು ಸಂಘ ಅವಳನ್ನು ಕರೆಸಿತ್ತು. ಬೆಂಗಳೂರಿನಿಂದ ಬರಬೇಕಿದ್ದ ದುಭಾಷಿಗೆ ಜ್ವರ.

"ಜುಂಜಯ್ಯ, ನಿನ್ ಮಗ್ಳಿಗೆ ಸ್ಪೇನ್ ಭಾಷೆ ಬತ್ತೈತೆ ಅಂತಿದ್ದೆಲ್ಲ, ಎಲ್ಲಿ, ಅವ್ಳನ್ನ ಕರಿ," ಎಂದರು ರೇವಣಸಿದ್ದಪ್ಪ. "ಬೆಳಗ್ಗಿಂದ ಈಯಮ್ಮನ ಹತ್ರ ಕೈಸನ್ನೆ ಮಾಡಿ ಮಾಡಿ ನನ್ ಭುಜ ಬಿದ್ದೋಗೈತೆ."

ಕಾವ್ಯಶ್ರೀಗೆ ಕಾಲ ಕೆಳಗಿನ ನೆಲ ಸರಿದಂತಾಯಿತು. ಇಡೀ ಜಿಲ್ಲೆಯಲ್ಲಿ ಇಲ್ಲದಿದ್ದ ಆ ಒಬ್ಬರು ಈಗ ತಮ್ಮ ಅಂಗಳದಲ್ಲೇ ನಿಂತಿದ್ದಾರೆ! ಓಡಿಹೋಗೋಣವೆಂದರೆ ಅಪ್ಪ ಜುಂಜಯ್ಯ ಅಷ್ಟರಲ್ಲೇ ಎದೆಯುಬ್ಬಿಸಿ, "ಬರ್ರಿ, ಕುಂತ್ಕಳ್ರಿ. ನಮ್ ಹುಡುಗಿ ಎಲ್ಲಾ ಹೇಳ್ತಾಳೆ," ಎಂದು ಕಂಬಳಿ ಹಾಸಿಬಿಟ್ಟಿದ್ದ.

ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ನಾವು ಇಲ್ಲಿ ವಾಸಿಸುತ್ತೇವೆ, ನಾವು ರಾಗಿಮುದ್ದೆ ತಿನ್ನುತ್ತೇವೆ, ಅಜ್ಜಿ ತುಂಬ ಮಾತಾಡುತ್ತಾಳೆ. ಎಲ್ಲ ವರ್ತಮಾನ ಕಾಲ. ಪಿಲಾರ್ ತಲೆಯಾಡಿಸುತ್ತ ಮಜ್ಜಿಗೆ ಕುಡಿದಳು. ಆಮೇಲೆ ಜುಂಜಯ್ಯ ಚಿರತೆಯ ಕತೆ ತೆಗೆದ. ಹೋದ ವರ್ಷ ನಡೆದದ್ದು. ಕಾಡಿನಿಂದ ಇಳಿದ ಚಿರತೆ ಹಟ್ಟಿಯ ಕುರಿ ರೊಪ್ಪಕ್ಕೆ ನುಗ್ಗಿ, ಒಂದು ಮರಿಯನ್ನು ಹೊತ್ತುಕೊಂಡು ಹೋಗಿ, ಬಂಡೆಯ ಮರೆಯಲ್ಲಿ ತಿಂದುಹಾಕಿತ್ತು. ಅವನು ಈ ಕತೆ ಹೇಳುವಾಗ ತಾನೇ ಚಿರತೆಯಾಗಿ ಬೆನ್ನು ಬಾಗಿಸುತ್ತಿದ್ದ.

ಕಾವ್ಯಶ್ರೀ ಬೆವರುತ್ತ ಹೇಳಿದಳು: "ಲೆಯೊಪಾರ್ದೊ ಎಂತ್ರರಾ." ಪಿಲಾರಳ ಹುಬ್ಬು ಮೇಲೇರಿತು. ಕತೆ ಹಿಡಿಸಿತೆಂದು ಹುಡುಗಿಗೆ ಹುರುಪು ಬಂತು. ಮರಿಯನ್ನು ಹೊತ್ತೊಯ್ದದ್ದನ್ನೂ ತಿಂದದ್ದನ್ನೂ ಅದೇ ಜಾಡಿನಲ್ಲಿ ಹೇಳಿಬಿಟ್ಟಳು: "ಯೆವರಾ... ಕೊಮೆರಾ!"

ಪಿಲಾರ್ ಲೋಟ ಕೆಳಗಿಟ್ಟಳು. "ಕ್ವಾಂದೊ?" ಎಂದಳು. ಯಾವಾಗ?

"ಅಪ್ಪ, ಯಾವಾಗ ಅಂತ ಕೇಳ್ತಾ ಅವ್ರೆ."

"ಸಂಜೆ ಕಣವ್ವ. ಹೊತ್ತು ಮುಳುಗೋ ಹೊತ್ತು."

ಸಂಜೆ ಎಂಬ ಪದ ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಡವರಿಸದೆ ಹೇಳಿದಳು.

ಪಿಲಾರ್ ತಲೆಯೆತ್ತಿ ಸೂರ್ಯನನ್ನು ನೋಡಿದಳು. ಹೊತ್ತು ಆಗಲೇ ಇಳಿಮುಖವಾಗಿತ್ತು. ಅರವತ್ತರ ಹೆಂಗಸು ಊರುಗೋಲು ಎತ್ತಿಕೊಂಡು ಒಂದೇ ನೆಗೆತಕ್ಕೆ ಎದ್ದಳು. ಬಯಲಿನಲ್ಲಿ ಮೇಯುತ್ತಿದ್ದ ಮರಿಗಳತ್ತ ಕೂಗುತ್ತ ಓಡಿದಳು. ಅವಳ ಸಿಳ್ಳಿಗೆ ಕುರಿಗಳು ಕಿವಿ ನಿಮಿರಿಸಿದವು. ಜುಂಜಯ್ಯನ ತಮ್ಮ ಮಂಜಣ್ಣ, "ಅವ್ರ ದೇಶ್ದಾಗೆ ಹಿಂಗೇ ಇರ್ಬೇಕು, ನಾವೂ ಕೈ ಹಾಕಾಣ ಬರ್ರಲೇ," ಎನ್ನುತ್ತ ಹಿಂದೆ ಓಡಿದ. ಅವನ ಹಿಂದೆ ನಾಯಿಗಳು ಓಡಿದವು. ಏನೆಂದು ತಿಳಿಯದಿದ್ದರೂ ಇರಲಿ ಎಂದು ರೇವಣಸಿದ್ದಪ್ಪ ಜೀಪಿನೊಳಗೆ ಕೂತು ಬಾಗಿಲು ಹಾಕಿಕೊಂಡರು. ನೋಡನೋಡುತ್ತಿದ್ದಂತೆ ಹಿಂಡೆಲ್ಲ ರೊಪ್ಪದೊಳಗಿತ್ತು. ಪಿಲಾರ್ ಬಾಗಿಲಿಗೆ ಅಡ್ಡಲಾಗಿ, ಕೋಲು ಹಿಡಿದು, ಕಾಡಿನ ಕಡೆ ಮುಖ ಮಾಡಿ ನಿಂತಿದ್ದಳು.

"ಅಲ್ಲ ಕಣೇ, ಏನಂದೆ ಆಯಮ್ಮನಿಗೆ?" ಎಂದು ಚಿತ್ತಮ್ಮ ಕೇಳಿದಳು.

"ಚಿರತೆ ಬಂತು ಅಂದೆ ಅಜ್ಜಿ. ಎಂತ್ರರಾ..." ಹೇಳುತ್ತಿದ್ದಂತೆಯೇ ಅವಳ ನಾಲಿಗೆ ತಡೆಯಿತು. ಬಂತು ಎಂದಿರಲಿಲ್ಲ. ಇವತ್ತು ಸಂಜೆ ಚಿರತೆ ಬರುತ್ತದೆ, ಮರಿಯನ್ನು ಹೊತ್ತೊಯ್ಯುತ್ತದೆ, ತಿನ್ನುತ್ತದೆ ಎಂದು ಹೇಳಿದ್ದಳು!

"ಎಂತ್ರೊ! ಎಂತ್ರೊ!" ಎಂದು ಕಿರುಚುತ್ತ ಅವಳು ರೊಪ್ಪದತ್ತ ಓಡಿದಳು. ಹೋದ ವರ್ಷ, ಹೋದ ವರ್ಷ ಎಂದು ಕೈಯನ್ನು ಬೆನ್ನ ಹಿಂದಕ್ಕೆ ಬೀಸಿ ಬೀಸಿ ತೋರಿಸಿದಳು. ಪಿಲಾರ್ ಕೋಲು ಬಿಸಾಕಿ, ರೊಪ್ಪದ ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಂತೆ ನಗತೊಡಗಿದಳು. ಸಂಗತಿ ತಿಳಿದ ಹಟ್ಟಿಯವರೂ ನಕ್ಕರು.

ಕಾವ್ಯಶ್ರೀ ಮಾತ್ರ ನಗಲಿಲ್ಲ. 'ಗೋಡ್' ಎಂದ ದಿನದ ಬಿಸಿ ಮತ್ತೆ ಕಿವಿಗೇರಿತ್ತು. ಮನೆಯೊಳಗೆ ಹೋಗಿ ಮೂಲೆಯಲ್ಲಿ ಕೂತಳು. ಇನ್ನು ಮೂಗರ ಭಾಷೆಯೊಂದೇ ತನಗೆ ಗತಿ ಎನಿಸಿತು.

ಪಿಲಾರ್ ಹಿಂದೆಯೇ ಬಂದು, ಕೇಳದೆ ಪಕ್ಕದಲ್ಲಿ ಕೂತಳು. ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದಳು. ಈ ದೇಶಕ್ಕೆ ಬಂದಿಳಿದಾಗಿನಿಂದ ನನ್ನ ಮಾತು ಒಬ್ಬರಿಗೂ ತಿಳಿಯಲಿಲ್ಲ. ಇವತ್ತು ನೀನು ಮೂರು ಪದ ಹೇಳಿದೆ, ನಾನು ಎದ್ದು ಓಡಿದೆ. ತಿಳಿಯದಿದ್ದರೆ ಓಡುತ್ತಿದ್ದೆನೇ? ಇಷ್ಟು ಹೇಳಿ, ನಿಮ್ಮ ಭಾಷೆಯಲ್ಲಿ ತಿಂದದ್ದಕ್ಕೆ ಏನನ್ನುತ್ತೀರಿ, ನನಗೂ ಕಲಿಸು ಎಂದಳು.

ಕಾವ್ಯಶ್ರೀ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದಂತೆ, ಮಗನ ಜೊತೆ ಬಾಗಿಲಲ್ಲಿ ನಿಂತಿದ್ದ ಚಿತ್ತಮ್ಮನೇ ಕಲಿಸಲು ಮುಂದಾದಳು. ತನ್ನ ಎದೆ ಮುಟ್ಟಿಕೊಂಡು "ತಿಂದೆ" ಎಂದಳು. ಮಗನನ್ನು ತೋರಿಸಿ "ತಿಂದ", ಮೊಮ್ಮಗಳನ್ನು ತೋರಿಸಿ "ತಿಂದ್ಲು." ಪಿಲಾರ್ ಗಂಭೀರವಾಗಿ ಒಪ್ಪಿಸಿದಳು. ಕೊನೆಗೆ ಕಾಡಿನ ಕಡೆ ಬೆರಳು ಮಾಡಿ, "ಲೆಯೊಪಾರ್ದೊ ತಿಂದ್ಲು" ಎಂದಳು.

"ಅಯ್ಯೋ, ಚಿರತೆಗೆ ಸೀರೆ ಉಡ್ಸಿಬಿಟ್ಲಲ್ಲಪ್ಪ!" ಎಂದು ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. ಕಾವ್ಯಶ್ರೀಗೂ ನಗು ತಡೆಯಲಾಗಲಿಲ್ಲ. ಅಜ್ಜಿ ಹೇಳಿಕೊಟ್ಟಂತೆ ಪಿಲಾರ್ ಬೇಸರಪಡದೆ "ತಿಂತು, ತಿಂತು" ಎಂದು ತಿದ್ದಿಕೊಂಡಳು.

ಆಗಲೇ ಹುಡುಗಿಗೆ ಒಂದು ಹೊಳೆಯಿತು. 'ತಿಂದೆ' ಎಂದರೆ ಸಾಕು, 'ನಾನು' ಎಂದು ಬೇರೆ ಹೇಳಬೇಕಿಲ್ಲ. ತಿಂದವರು ಯಾರು, ಯಾವಾಗ ಎನ್ನುವುದೆಲ್ಲ ಪದದ ಬಾಲದಲ್ಲೇ ಇದೆ. ಸ್ಪ್ಯಾನಿಷಿನ 'ಕೊಮಿ'ಯೂ ಹಾಗೆಯೇ ಅಲ್ಲವೇ? ಇಷ್ಟು ದಿನ ಅವಳು ಪ್ರತಿ ಪದವನ್ನೂ ಮೊದಲು ಇಂಗ್ಲಿಷಿಗೆ ಒಯ್ದು, ಅಲ್ಲಿ ಹೆದರಿ, ಆಮೇಲೆ ಸ್ಪ್ಯಾನಿಷಿಗೆ ತರುತ್ತಿದ್ದಳು. ಕನ್ನಡದಿಂದ ನೇರ ದಾರಿಯೇ ಇತ್ತು. ಕೊಮಿ, ತಿಂದೆ. ಕೊಮಿಯೊ, ತಿಂತು. ಕೊಮೆರಾ, ತಿನ್ನುತ್ತೆ. ಹೊರಡುವ ಹೊತ್ತಿಗೆ ಚಿರತೆಯ ಕತೆಯನ್ನು ಮೊದಲಿನಿಂದ ಮತ್ತೆ ಹೇಳಿದಳು. ಈ ಸಲ ಪಿಲಾರ್ ಕೂತಲ್ಲಿಂದ ಏಳಲಿಲ್ಲ.

"ಹೊಸದುರ್ಗ, ಹೊಳಲ್ಕೆರೆ ಮುಗಿಯೋ ತಂಕ ಹುಡುಗಿನ ಕಳ್ಸಪ್ಪ," ಎಂದು ರೇವಣಸಿದ್ದಪ್ಪ ಜೀಪಿನಿಂದ ಇಳಿದು ಬಂದು ಕೇಳಿದರು. "ದಿನಾ ನಮ್ ಮನೇಲೆ ಉಳ್ಕತಾರೆ. ನಮ್ಮನೆಯೋರು ನೋಡ್ಕಂತಾರೆ."

ಜುಂಜಯ್ಯ ಮಗಳ ಮುಖ ನೋಡಿದ. "ಹೋಗ್ತೀಯೇನವ್ವ?"

"ಹೋಗ್ತೀನಪ್ಪ," ಎಂದಳು ಅವಳು. ಅಪ್ಪ ಪ್ರಶ್ನೆ ಮುಗಿಸುವ ಮೊದಲೇ ಎದ್ದು ನಿಂತಿದ್ದಳು.

ಹೊಸದುರ್ಗದಲ್ಲಿ ಅವಳು ಇನ್ನೂ ಎಷ್ಟೋ ತಪ್ಪು ಮಾಡಿದಳು, ಅಲ್ಲಲ್ಲೇ ತಿದ್ದಿಕೊಂಡು ಮುಂದೆ ಹೋದಳು. ಹೊಳಲ್ಕೆರೆಯಲ್ಲಿ ಕುರಿ ಸಾಕುವ ಹೆಂಗಸರ ಸಭೆ ಸೇರಿತ್ತು. ಉಣ್ಣೆ, ಮೇವು, ಕಾಲುಬೇನೆಯ ಮಾತೆಲ್ಲ ಮುಗಿದ ಮೇಲೆ ಹಿಂದಿನ ಸಾಲಿನಿಂದ ಓಬಕ್ಕನೆಂಬ ಗಟ್ಟಿ ದನಿಯ ಹೆಂಗಸು ಎದ್ದಳು. "ಒಂದ್ ಕೇಳು ತಂಗಿ. ಅಲ್ಲಿ ಕುರಿ ಕಾಯೋ ಹೆಣ್ಣಿಗೆ ಗಂಡು ಸಿಗ್ತಾವಾ ಅಂತ."

ಕಾವ್ಯಶ್ರೀ ನಾಚುತ್ತಲೇ ಕೇಳಿದಳು. ಪಿಲಾರ್ ಸೊಂಟದ ಮೇಲೆ ಕೈಯಿಟ್ಟುಕೊಂಡು ಮೂರೇ ಪದ ಹೇಳಿದಳು: "ಬುಸ್ಕೆ. ಬುಸ್ಕೊ. ಬುಸ್ಕರೆ."

ಹುಡುಗಿ ಒಂದು ಕ್ಷಣವೂ ತಡೆಯಲಿಲ್ಲ. "ಹುಡುಕ್ದೆ. ಹುಡುಕ್ತಾ ಇದೀನಿ. ಇನ್ನೂ ಹುಡುಕ್ತೀನಿ, ಅಂತಾರೆ!"

ಸಭೆಯ ನಗು ಬೀದಿಯವರೆಗೂ ಕೇಳಿಸಿತು. ಅದು ತಣ್ಣಗಾಗುವ ಮೊದಲೇ ನಾಲ್ಕೈದು ಹೆಂಗಸರು ಒಟ್ಟಿಗೇ ಎದ್ದು ನಿಂತು, ನನ್ನ ಪ್ರಶ್ನೆ ಕೇಳು, ನನ್ನದು ಮೊದಲು ಎಂದು ಕೈಬೀಸತೊಡಗಿದರು. "ಒಬ್ಬೊಬ್ಬರೇ ಕೇಳ್ರಕ್ಕ," ಎಂದು ಕಾವ್ಯಶ್ರೀ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೂತಳು.