ಹೂಂ ಎನ್ನುವವರೆಗೂ

ಹೂಂಗುಟ್ಟುವವರಿಲ್ಲದೆ ಹೇಳಿದ ಕತೆ ದಾರಿ ತಪ್ಪಿ ಹುಣಸೆಮರಕ್ಕೆ ಜೋತುಬೀಳುತ್ತದೆ ಎನ್ನುತ್ತಿದ್ದಳು ನಮ್ಮಜ್ಜಿ ಗೋಪಾಲಮ್ಮ. ಒಂದು ಮಾತು ಹೇಳಿ ನಿಲ್ಲುವಳು. ನಾನು ಹೂಂ ಎಂದರೆ ಮಾತ್ರ ರಾಜಕುಮಾರಿ ಮುಂದಿನ ಹೆಜ್ಜೆ ಇಡುವಳು.

ಹೋದ ಯುಗಾದಿಯಾದ ಮರುವಾರ ಅಜ್ಜಿಗೆ ಸ್ಟ್ರೋಕ್ ಆಗಿ ಮಾತು ಹೋಯಿತು. ಉಳಿದದ್ದು ಹೂಂ ಎಂಬ ಒಂದು ಸದ್ದು. "ಅದನ್ನ ದಿನಾ ಆಡಿಸ್ತಿರಿ. ಬಿಟ್ರೆ ಅದೂ ಹೋಗತ್ತೆ" ಎಂದರು ಡಾಕ್ಟರು.

ಸಂಜೆ ಕೆಲಸದಿಂದ ಬಂದು ಅವಳ ಕತೆಗಳನ್ನು ಅವಳಿಗೇ ಹೇಳತೊಡಗಿದೆ. ಆದರೆ ನನಗೆ ತಾಳ್ಮೆಯೆಲ್ಲಿ? "ಹೂಂ ಅನ್ನಜ್ಜಿ, ಹೂಂ ಅನ್ನು" ಎಂದು ಪೀಡಿಸಿದೆ. ಅವಳು ಗೋಡೆಗೆ ಮುಖ ತಿರುಗಿಸಿದಳು. ಕತೆಗಳನ್ನು ಟೈಪ್ ಮಾಡಿ, ಕನ್ನಡ ಓದಿಹೇಳುವ ಪುಕ್ಕಟೆ ಆ್ಯಪೊಂದಕ್ಕೆ ಹಾಕಿದೆ. ಅದು ರೈಲಿನಂತೆ ಎಲ್ಲೂ ನಿಲ್ಲದೆ ಓದಿತು.

ಆ ಆ್ಯಪನ್ನು ಐದಾರು ಜನ ಸಂಬಳವಿಲ್ಲದೆ, ಬಿಡುವಿದ್ದಾಗ ಕಟ್ಟುತ್ತಿದ್ದರು. ಪ್ರತಿ ವಾಕ್ಯಕ್ಕೂ ನಿಂತು ಹೂಂಗೆ ಕಾಯುವಂತೆ ಮಾಡಿಕೊಡಿ ಎಂದು ಬರೆದೆ. ಹದಿನೇಳು ದಿನದ ಮೇಲೆ ಅವರಲ್ಲೊಬ್ಬ, ಆರ್.ಟಿ. ನಗರದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಜೀಷಾನ್ ಫೋನ್ ಮಾಡಿದ.

"ಆಗತ್ತೆ ಶಿಲ್ಪಕ್ಕಾ. ಆದ್ರೆ ನಂಗೆ ಸಿಗೋದು ಶುಕ್ರವಾರ ನಮಾಜ್ ಆದ್ಮೇಲೆ ಅಂಗಡಿ ತೆಗೆಯೋತನಕ ಒಂದ್ ಗಂಟೆ. ಹೂಂ ಗುರುತು ಹಿಡಿಯೋದನ್ನ ಆ್ಯಪಿಗೆ ಕಲಿಸ್ಬೇಕು, ಐವತ್ತು ಜನರ ಹೂಂ ರೆಕಾರ್ಡ್ ಮಾಡಿ ಕಳಿಸ್ತೀರಾ?"

ನಮ್ಮೂರು ಕೋಗಿಲಿನ ಬೀದಿಗಳಲ್ಲಿ ಹೂಂ ಭಿಕ್ಷೆಗೆ ಹೊರಟೆ. ಹಸು ಕಟ್ಟುತ್ತಿದ್ದ ಮುನಿಯಣ್ಣ, "ಸುಮ್‌ಸುಮ್ನೆ ಎಂಗವ್ವಾ ಊಂ ಅನ್ಲಿ? ಮೊದ್ಲು ಕತೆ ಏಳು" ಎಂದ. ಒಬ್ಬೊಬ್ಬರಿಗೂ ಒಂದೊಂದು ಕತೆ ಹೇಳಬೇಕಾಯಿತು. ಐವತ್ತು ಕೂಡಿಬರುವಷ್ಟರಲ್ಲಿ ಅವರೆಕಾಯಿ ಕಾಲ. ಅಜ್ಜಿಯ ಹೂಂ ಆಗ ವಾರಕ್ಕೊಂದು.

ಸಂಕ್ರಾಂತಿ ಕಳೆದ ಮೇಲೆ ಹೊಸ ಆ್ಯಪು ಬಂತು. ಹತ್ತು ಸೆಕೆಂಡು ಕಾದು ತಾನೇ ಮುಂದೆ ಓದಿತು. ಅಜ್ಜಿಯ ತುಟಿ ಅಲುಗುವಷ್ಟರಲ್ಲಿ ರಾಜಕುಮಾರಿ ಹೊಳೆ ದಾಟಿಬಿಟ್ಟಿದ್ದಳು.

"ಎಷ್ಟು ಕಾಯಿಸ್ಲಿ ಅಕ್ಕಾ? ಮೂವತ್ತು?" ಎಂದ ಜೀಷಾನ್.

"ಹೂಂ ಅನ್ನೋವರೆಗೂ."

"ಲಿಮಿಟ್ ಇಲ್ದೆ ಕಾದ್ರೆ ಜನ ಹ್ಯಾಂಗ್ ಆಗಿದೆ ಅಂತಾರೆ."

"ನಿಮಗೋಸ್ಕರ ಎಂಟೊಂಬತ್ತು ತಿಂಗಳು ಕಾದೆ. ಹ್ಯಾಂಗ್ ಆಗಿದೀರಾ ಅಂದ್ನಾ?"

ಅವನು ಜೋರಾಗಿ ನಕ್ಕ. "ಆಯ್ತು, ಶುಕ್ರವಾರ." ಯಾವ ಶುಕ್ರವಾರ ಎಂದು ಹೇಳಲಿಲ್ಲ.

ಮೂರನೆಯದಕ್ಕೆ ಬಂತು. ಭಾನುವಾರ ಮಧ್ಯಾಹ್ನ ಫೋನನ್ನು ಅಜ್ಜಿಯ ದಿಂಬಿನ ಬಳಿ ಇಟ್ಟೆ.

"ರಾಜಕುಮಾರಿ ಹೊಳೆಯ ದಡದಲ್ಲಿ ನಿಂತಳು" ಎಂದು ಓದಿ ಅದೂ ನಿಂತಿತು.

ಮೇಲೆ ಒಂದು ವಿಮಾನ ಹಾದುಹೋಯಿತು. ಇನ್ನೊಂದು. "ಕೆಟ್ಟೋಯ್ತೇನೇ?" ಎಂದು ಇಣುಕಿದಳು ಪಕ್ಕದ ಮನೆ ಅಂಜನಮ್ಮ. ನಾನು ತುಟಿ ಕಚ್ಚಿಕೊಂಡೆ. ಹೊಸ್ತಿಲಲ್ಲಿದ್ದ ಬಿಸಿಲು ತೆವಳಿ ಮಂಚದ ಕಾಲಿಗೆ ಬಂತು. ಫೋನು ಅವಸರಪಡಲಿಲ್ಲ. ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು. ರಾಜಕುಮಾರಿ ಸೀರೆಯ ನೆರಿಗೆ ಹಿಡಿದು ನಿಂತೇ ಇದ್ದಳು.

ಅಜ್ಜಿ ಗೋಡೆಯಿಂದ ಮೆಲ್ಲಗೆ ಮುಖ ತಿರುಗಿಸಿದಳು.

"ಹೂಂ."

ರಾಜಕುಮಾರಿ ನೀರಿಗೆ ಒಂದು ಕಾಲಿಟ್ಟಳು.