ಗೋಮತಿ ಕಟ್ಟಿಸಿದ ರೂಮು

ಮೆಟ್ಟಿಲು—ಇಲ್ಲಿ ಮೆಟ್ಟಿಲು ಇರಲಿಲ್ಲವಲ್ಲ, ಬೀದಿ ತಪ್ಪಿ ಬಂದೆನೇ, ಇಲ್ಲ, ಗೇಟು ಅದೇ, ಪಕ್ಕದ ಕರಿಬೇವಿನ ಗಿಡವೂ ಅದೇ, ಸ್ವಲ್ಪ ಮೈ ತುಂಬಿಕೊಂಡಿದೆ ಅಷ್ಟೆ, ಆದರೆ ಗೋಡೆಗೆ ಅಂಟಿಕೊಂಡು ಮೇಲಕ್ಕೆ ಹೋಗಿರುವ ಈ ಮೆಟ್ಟಿಲು, ಮೇಲೆ ಒಂದು ರೂಮು, ನೀಲಿ ಕಿಟಕಿ, ಸನ್‌ಶೇಡು, ಮಳೆನೀರಿಗೆ ಪೈಪು, ಪೈಪಿಗೆ ಬಣ್ಣ ಬೇರೆ—ಅಯ್ಯೋ ನವನೀತನ್, ಊರಿಗೆಲ್ಲಾ ಕಟ್ಟಡ ಎಬ್ಬಿಸುವ ಮಹಾರಾಯ, ನಿನ್ನ ಮನೆಯ ನೆತ್ತಿಯ ಮೇಲೆ ಒಂದು ರೂಮು ಎದ್ದಿದೆ, ನಿನಗೇ ಸುದ್ದಿ ಇಲ್ಲ. ತಿರುಪ್ಪೂರಿನ ಸಂಜೆ ಬಿಸಿಲು ಕುತ್ತಿಗೆ ಸುಡುತ್ತಿತ್ತು, ಬಸ್ಸಿನ ಬೆವರು ಆರಿರಲಿಲ್ಲ, ಜೇಬಿನಲ್ಲಿ ಕೀ, ಬೆಳಗ್ಗೆಯಷ್ಟೇ ಪೀಳಮೇಡಿನ ಆಫೀಸಿನಲ್ಲಿ ಕೈಗೆ ಕೊಟ್ಟದ್ದು, ಎರಡು ಬೆಡ್‌ರೂಮಿನ ಕ್ವಾರ್ಟರ್ಸು, ಕನ್‌ಸ್ಟ್ರಕ್ಷನ್ ಮ್ಯಾನೇಜರ್, ಪರ್ಮನೆಂಟ್, ಪಿ.ಎಫ್., ಇನ್ನು ಪ್ರಾಜೆಕ್ಟ್ ಮುಗಿದರೂ ಕೆಲಸ ಮುಗಿಯುವುದಿಲ್ಲ, ಫ್ಯಾಮಿಲಿಯನ್ನ ಯಾವಾಗ ಕರ್ಕೊಂಡು ಬರ್ತೀರಿ ಎಂದು ಕೇಳಿದರು, ಈ ವಾರವೇ ಸಾರ್ ಎಂದ, ಎಂಥಾ ಧೈರ್ಯದಲ್ಲಿ ಎಂದ, ಗೋಮತಿಯ ಮುಖ ನೋಡುತ್ತಾ ಹೇಳಬೇಕು ಎಂದು ಫೋನ್ ಕೂಡ ಮಾಡದೆ ಬಸ್ಸು ಹತ್ತಿದ. ಮೆಟ್ಟಿಲು ಒಂದೇ ಎತ್ತರಕ್ಕೆ ಬಂದಿದೆ, ಎಲ್ಲೂ ತಪ್ಪಿಲ್ಲ. ಗೇಟಿನ ಚಿಲಕ ತೆಗೆದ.

ಹೆಂಡತಿಗೆ ಎಷ್ಟು ಸಲ ಹೇಳಿದ್ದ, ಬೇರೆ ಮೇಸ್ತ್ರಿಯನ್ನು ಕರೆಸಬೇಡ, ಎಂಜಿನಿಯರ್ ಮನೆಗೆ ಬೇರೆಯವರು ಬಂದು ಕರಣೆ ಹಿಡಿದರೆ ನನ್ನ ಮಾನ ಏನಾಗಬೇಕು, ಈ ಪ್ರಾಜೆಕ್ಟ್ ಮುಗಿಯಲಿ, ನಾನೇ ನಿಂತು ಮಾಡಿಸ್ತೀನಿ—ಬಚ್ಚಲ ಗೋಡೆ ಒಸರಿದಾಗ ಅದೇ ಮಾತು, ಅಡುಗೆಕಟ್ಟೆಯ ಕಲ್ಲು ಬಿರುಕು ಬಿಟ್ಟಾಗ ಅದೇ ಮಾತು, ಸೂಲೂರಿನ ಕಲ್ಯಾಣಮಂಟಪ ಮುಗಿಯಲಿ ಎಂದ, ಅದು ಮುಗಿದ ವಾರವೇ ಕೈ ಕುಲುಕಿ ಥ್ಯಾಂಕ್ಸ್ ಹೇಳಿ ಕಳಿಸಿದರು, ಮತ್ತೆ ಕಾಲೇಜು ಕಟ್ಟಡ, ಮತ್ತೆ ಕೈ ಕುಲುಕು, ಮತ್ತೆ ಯಾರದೋ ಗೋಡೌನು, ತಗಡಿನ ಶೆಡ್ಡಿನಲ್ಲಿ ಸಿಮೆಂಟ್ ಮೂಟೆಯ ಪಕ್ಕ ಮಲಗಿ ಎದ್ದವನು, ಕೊನೆಗೆ ವಾಲ್ಪಾರೈ, ಎಸ್ಟೇಟಿನ ಆಸ್ಪತ್ರೆ, ಮಳೆ ಹಿಡಿಯುವ ಮುಂಚೆ ತಾರಸಿ ಹಾಕಲೇಬೇಕು, ಪೊಂಗಲ್‌ಗೆ ಬಂದು ಹೋದವನು ಮತ್ತೆ ಬಂದಿದ್ದು ಇವತ್ತೇ. ಹೆಣ್ಣು ಕೇಳಲು ಹೋದಾಗ ಮಾವ ಮಗ್ಗದ ಗುಂಡಿಯಲ್ಲಿ ಕೂತವರು ಲಾಳಿ ನಿಲ್ಲಿಸಿ ತಲೆ ಎತ್ತಿ ಕೇಳಿದ್ದು ಒಂದೇ ಮಾತು, ಹುಡುಗನ್ದು ಪರ್ಮನೆಂಟಾ? ಆಗ್ತದೆ ಮಾವ, ಆಗ್ತದೆ. ಆಯಿತಲ್ಲ, ಕೇಳಲು ಮಾವ ಇಲ್ಲ. ಅವಳು ಫೋನಿನಲ್ಲಿ ಏನೋ ಹೇಳಿದ್ದು ಈಗ ನೆನಪಿಗೆ ಬರುತ್ತಿದೆ, ದಂಡಪಾಣಿ ಮೇಸ್ತ್ರಿ ಬಂದಿದ್ರು, ಮೇಲೆ ಒಂದು ರೂಮು—ಅಷ್ಟರಲ್ಲಿ ಜಲ್ಲಿ ಲಾರಿ ಘಾಟಿಯ ತಿರುವಿನಲ್ಲಿ ಸಿಕ್ಕಿಕೊಂಡಿತ್ತು, ಇನ್ನೊಂದು ಕಿವಿಯಲ್ಲಿ ಡ್ರೈವರ್ ಕಿರುಚುತ್ತಿದ್ದ, ಇವನು ಇಬ್ಬರಿಗೂ ಸೇರಿಸಿ ಸರಿ ಸರಿ ಎಂದುಬಿಟ್ಟ.

ಏನುಂಗ, ಫೋನ್ ಕೂಡ ಮಾಡ್ದೆ ಬಂದ್ಬಿಟ್ರಿ—ಗೋಮತಿ ಬಾಗಿಲಿಗೆ ಬಂದಳು—ಅಪ್ಪಾ ಬಂದ್ರು ಪಾಪಾ, ಚೇರ್ ಎತ್ಕೊಂಡು ಬಾ—ಚೇರು ಬಂತು, ಮಗಳು ಸರಣ್ಯಾ ನಕ್ಕಳು, ಎತ್ತರ ಬೆಳೆದಿದ್ದಾಳೆ, ಹತ್ತನೇ ಕ್ಲಾಸಿನ ಹುಡುಗಿ, ತಟ್ಟೆಯಲ್ಲಿ ಮುರುಕು ತಂದಿಟ್ಟು ಎರಡು ಹೆಜ್ಜೆ ಹಿಂದೆ ನಿಂತಳು, ಸ್ಕೂಲಿಗೆ ಬಂದ ಇನ್‌ಸ್ಪೆಕ್ಟರ್ ಮುಂದೆ ನಿಂತ ಹಾಗೆ, ಕಾಫಿಗೆ ಸಕ್ಕರೆ ಎಷ್ಟಪ್ಪಾ ಎಂದು ಕೇಳಿದಳು, ಅವಳಿಗೆ ಗೊತ್ತಿಲ್ಲ, ಗೊತ್ತಿರುವುದಾದರೂ ಹೇಗೆ. ಇವನು ಕೀ ತೆಗೆದು ಸ್ಟೂಲಿನ ಮೇಲಿಟ್ಟು ಹೇಳಿದ, ಎಲ್ಲಾ ಒಂದೇ ಉಸಿರಿಗೆ ಹೇಳಿದ, ಗೋಮತಿಯ ಕಣ್ಣು ತುಂಬಿ ಬಂತು, ನಿಜವಾಗಿ ತುಂಬಿ ಬಂತು, ಅದರಲ್ಲಿ ಮೋಸ ಇಲ್ಲ, ಎದ್ದು ಹೋಗಿ ದೇವರ ಪಟದ ಕೆಳಗಿನ ಕುಂಕುಮ ತಂದು ಅವನ ಹಣೆಗೆ ಇಟ್ಟಳು, ಅಪ್ಪಾ ಇದ್ದಿದ್ರೆ ಎಷ್ಟು ಸಂತೋಷಪಡ್ತಿದ್ರು ಎಂದು ಬೆರಳಿನ ಕುಂಕುಮ ಸೆರಗಿಗೆ ಒರೆಸಿಕೊಂಡಳು. ಆಮೇಲೆ ಮೆಲ್ಲಗೆ—ನಾವು ಹೆಂಗುಂಗ ಬರೋದು, ಇವಳಿಗೆ ಪಬ್ಲಿಕ್ ಪರೀಕ್ಷೆ ಐತೆ, ನಂಗೂ ಕಂಪನಿಲಿ ಚೆಕಿಂಗ್ ಟೇಬಲ್ ಪೂರಾ ನನ್ ಕೈಗೇ ಕೊಟ್ಟವ್ರೆ, ಬನಿಯನ್ ಒಂದು ಪೀಸು ನಾನು ನೋಡ್ದೆ ಹೊರಗೆ ಹೋಗಲ್ಲ, ಇಲ್ಲಿ ಎಲ್ಲಾ ಒಂದು ದಾರಿಗೆ ಬಂದೈತೆ. ಇನ್ನು, ನೀವು ಇಲ್ಲಿಂದ್ಲೇ ಹೋಗಿ ಬರ್ಬೋದು ಅಲ್ಲವಾ ಎಂದು ಕೇಳುತ್ತಾಳೆ ಎಂದು ಇವನು ಕಾದ, ಒಂದು ಗಂಟೆ ಬಸ್ಸು, ಕೇಳಿದ್ದರೆ ಹೂಂ ಎನ್ನುತ್ತಿದ್ದ, ಅವಳು ಕೇಳಲಿಲ್ಲ, ಅವಳಿಗೆ ಹೊಳೆಯಲೇ ಇಲ್ಲ. ಶನಿವಾರ ಶನಿವಾರ ಬನ್ನಿ, ಪಕ್ಕದ್ದೇ ತಾನೆ, ವಾಲ್ಪಾರೈ ಹಂಗಲ್ಲ. ರೂಮು ಯಾರಿಗೆ ಎಂದು ಇವನೇ ಕೇಳಿದ. ಪಾಪಾಗೆ ಓದೋಕೆ, ರಾತ್ರಿ ನಾನೂ ಅಲ್ಲೇ ಮಲಗ್ತೀನಿ, ಗಾಳಿ ಬರ್ತದೆ, ನೀವು ಬಂದಾಗ ಕೆಳಗೆ ಹಾಲ್‌ನಲ್ಲಿ ಫ್ಯಾನ್ ಕೆಳಗೇ ಹಾಸ್ಬಿಡ್ತೀನಿ. ನೀವು ಬಂದಾಗ. ಪುಣ್ಯಾತ್ಗಿತ್ತಿ ಎಷ್ಟು ಪ್ರೀತಿಯಿಂದ ಹೇಳಿದಳು. ಮುರುಕು ಚೆನ್ನಾಗಿದೆ ಎಂದ.

ಮೇಲೆ ನೋಡ್ಕೊಂಡು ಬರ್ತೀನಿ ಎಂದು ಹತ್ತಿದ, ಕಾಲು ತಾನಾಗಿ ಹತ್ತಿತು, ಕಣ್ಣು ತಾನಾಗಿ ಹುಡುಕಿತು, ಇದೇ ತಾನೆ ಅವನ ಕಸುಬು, ಹೊಸ ಕಟ್ಟಡಕ್ಕೆ ಕಾಲಿಟ್ಟರೆ ಮೊದಲು ತಪ್ಪು ಕಾಣಬೇಕು, ಮಾಡಿನ ಮೂಲೆ ನೋಡಿದ, ಒಸರಿಲ್ಲ, ಬಾಗಿಲು ತಳ್ಳಿ ಬಿಟ್ಟ, ಬಿಟ್ಟಲ್ಲೇ ನಿಂತಿತು, ಕಿಟಕಿ ಕಟ್ಟೆಗೆ ಕೈ ಸವರಿದ, ಹೊರಕ್ಕೆ ಇಳಿಜಾರು ಇದೆ, ದಂಡಪಾಣಿ ಬಡ್ಡೀಮಗ ಎಲ್ಲಾದರೂ ಒಂದು ಕಡೆ ಕೈ ಜಾರಿಸಿರಲೇಬೇಕು, ಎಂಥಾ ಮೇಸ್ತ್ರಿಯೂ ಜಾರಿಸುತ್ತಾನೆ, ಒಂದು ಸಿಕ್ಕರೆ ಸಾಕು, ಗೋಮತಿ, ಇದನ್ನ ಹಿಂಗೇ ಬಿಡೋಕಾಗಲ್ಲ, ನಾನು ನಾಲ್ಕು ದಿನ ಇದ್ದು ಸರಿ ಮಾಡಿಸಿಯೇ ಹೋಗ್ತೀನಿ ಎನ್ನಬಹುದು, ನಾಲ್ಕು ದಿನ ಇದ್ದರೆ ಮಗಳಿಗೆ ಸಕ್ಕರೆ ಎಷ್ಟು ಎಂದು ಗೊತ್ತಾಗುತ್ತದೆ. ನೆಲದ ಮೇಲೆ ಕೂತ. ಟೈಲ್ಸಿನ ಅಡಿಯಲ್ಲಿ ಗಾರೆ ಸರಿಯಾಗಿ ತುಂಬದಿದ್ದರೆ ಕುಟ್ಟಿದಾಗ ಟೊಳ್ಳು ಸದ್ದು ಬರುತ್ತದೆ, ಅಂಥದ್ದನ್ನು ಕೀಳಲೇಬೇಕು, ಬೆರಳ ಗೆಣ್ಣಿನಿಂದ ಕುಟ್ಟಿದ, ಟಕ್, ಗಟ್ಟಿ, ಮುಂದಿನದು, ಗಟ್ಟಿ, ಗೋಡೆ ಹಿಡಿದು ಸಾಲಾಗಿ ಹೊರಟ, ಮೂಲೆಯಲ್ಲಿ ಸಾಮಾನ್ಯವಾಗಿ ಸಿಗುತ್ತದೆ, ಅವಸರಕ್ಕೆ ಬಿಟ್ಟಿರುತ್ತಾರೆ, ಟಕ್, ಗಟ್ಟಿ. ಏನುಂಗ, ಟೈಲ್ಸ್ ಕುಟ್ಟಿ ನೋಡ್ತಿದೀರಾ—ಗೋಮತಿ ಕೆಳಗಿನಿಂದ, ನಗುತ್ತಾ—ನಾನು ಪೂರಾ ಕುಟ್ಟಿ ನೋಡ್ಬಿಟ್ಟೆ, ಎರಡು ಪೊಳ್ಳು ಇತ್ತು, ಕೀಳ್ಸಿ ಬೇರೆ ಹಾಕಿಸ್ದೆ, ಮದುವೆಯಾದ ಹೊಸದ್ರಲ್ಲಿ ನೀವೇ ಸೈಟಿಗೆ ಕರ್ಕೊಂಡೋಗಿ ಹೇಳ್ಕೊಟ್ರಿ, ಜ್ಞಾಪಕ ಇಲ್ವಾ? ಇದೆ ಎಂದ. ಅವಳಿಗೆ ಕೇಳಿಸಿತೋ ಇಲ್ಲವೋ, ಕೆಳಗೆ ಅಮ್ಮ ಮಗಳು ಏನೋ ಮಾತಾಡಿಕೊಂಡು ನಕ್ಕರು, ಒಗ್ಗರಣೆ ಸಿಡಿಯಿತು, ಇವನು ಕುಟ್ಟುವುದನ್ನು ನಿಲ್ಲಿಸಲಿಲ್ಲ, ಇನ್ನೂ ಮೇಜಿನ ಕೆಳಗಿನದು ಉಳಿದಿದೆ, ಮಗಳ ಪುಸ್ತಕದ ಚೀಲ ಪಕ್ಕಕ್ಕೆ ಸರಿಸಿ ಮಂಡಿಯೂರಿ ಒಳಗೆ ತೂರಿದ, ಒಂದೇ ಒಂದು, ಮಹಾರಾಯ ದಂಡಪಾಣಿ, ನನಗೋಸ್ಕರ ಒಂದು, ಟಕ್, ಗಟ್ಟಿ, ಕಿವಿ ನೆಲಕ್ಕೆ ತಾಗಿಸಿದ, ನೆಲ ತಣ್ಣಗಿತ್ತು, ಟಕ್, ಗಟ್ಟಿ, ಪಕ್ಕದ್ದು, ಟಕ್, ಗಟ್ಟಿ, ಕಡೆಯದು, ಟಕ್—