ಬಾವಿ ಕಾಣದ ಬಾಟಲಿಗಳು

ಬಿಂದುಮಾಧವ ಕೆಟ್ಟವನೇನಲ್ಲ, ಮೈಗಳ್ಳ, ಅಷ್ಟೇ. ಹದಿನೆಂಟು ವರ್ಷ ಬೆಳಗಾವಿಯ ಅನಗೋಳದ ಮನೆಯಿಂದ ನೆಹರು ನಗರದ ನೀರು ಪರೀಕ್ಷೆಯ ಲ್ಯಾಬಿಗೆ ಸ್ಕೂಟರ್ ಓಡಿಸಿದವನಿಗೆ, ತಾನು ಸುಳ್ಳು ಬರೆಯುವವನಲ್ಲ ಎಂಬ ಜಂಬವೂ ಇತ್ತು. ಕಳೆದ ಬೇಸಿಗೆಯಲ್ಲಿ ಆ ಜಂಬ ಒಂದು ಊಟಕ್ಕೆ ಮಾರಿಹೋಯಿತು.

ಖಾನಾಪುರದಾಚೆ ಒಂದು ವಿದ್ಯುತ್ ಕಂಪನಿಯ ಬೂದಿ ಹೊಂಡವಿದೆ. ಕಲ್ಲಿದ್ದಲು ಸುಟ್ಟ ಬೂದಿಯನ್ನು ನೀರಿನಲ್ಲಿ ಕಲಸಿ ಅಲ್ಲಿ ಬಿಡುತ್ತಾರೆ. ಕೆಳಗಿನ ಹಳ್ಳಿಯ ಬಾವಿ ಅದರಿಂದ ಕೆಟ್ಟಿದೆಯೆಂದು ಜನ ಅರ್ಜಿ ಕೊಟ್ಟಾಗ ನೀರು ತರಲು ಹೋದವನು ಇವನೇ. ಬಿಸಿಲು ಸುಡುತ್ತಿತ್ತು.

"ನೀವು ಊಟಾ ಮಾಡ್ರಿ ಸರ್, ಬಾಟ್ಲಿ ನಮ್ಮ ಡ್ರೈವರ್ ತುಂಬ್ಕೊಂಡ ಬರ್ತಾನ," ಎಂದ ಕಂಪನಿಯ ಮ್ಯಾನೇಜರ್ ಗೌರವ.

ಬಿಂದುಮಾಧವ ಗೆಸ್ಟ್ ಹೌಸಿನಲ್ಲಿ ಶ್ರೀಖಂಡ-ಪೂರಿ ಬಾರಿಸಿ, ಡ್ರೈವರ್ ತಂದ ಬಾಟಲಿಗಳಿಗೆ 'ನನ್ನ ಸಮಕ್ಷಮ ಬಾವಿಯಿಂದ ತೆಗೆದದ್ದು' ಎಂದು ಸಹಿ ಹಾಕಿದ. ಲ್ಯಾಬಿನಲ್ಲಿ ನೋಡಿದರೆ ನೀರಿನಲ್ಲಿ ಕ್ಲೋರಿನ್! ಬ್ಲೀಚಿಂಗ್ ಪೌಡರನ್ನೇ ಕಾಣದ ಹಳ್ಳಿ ಬಾವಿಗೆ ಅದೆಲ್ಲಿಂದ ಬರಬೇಕು? ಕಂಪನಿ ಕಾಲೊನಿಯ ನಳದಿಂದ, ಮತ್ತೆಲ್ಲಿಂದ! ಇನ್ನೊಮ್ಮೆ ಹೋಗಬೇಕಿತ್ತು. ಹೋದರೆ ಮೊದಲ ಸಹಿ ಸುಳ್ಳೆಂದು ಒಪ್ಪಬೇಕಲ್ಲ. 'ಕುಡಿಯಲು ಯೋಗ್ಯ' ಎಂದು ಬರೆದು ಕೈತೊಳೆದುಕೊಂಡ.

ಆರು ತಿಂಗಳಾದ ಮೇಲೆ, ದೂರನ್ನು ಕಾಯಂ ಮುಚ್ಚುವ ಮೊದಲು ಊರವರನ್ನು ಒಮ್ಮೆ ಕೇಳಲೆಂದು ತನಿಖಾಧಿಕಾರಿ ಸುಹಾಸಿನಿ ಹಳ್ಳಿಗೆ ಬಂದರು. ವರದಿ ಬರೆದವನೂ ಬರಬೇಕಾಯಿತು. ಎಲ್ಲರೂ ಕೂತದ್ದು ಅರ್ಜಿ ಕೊಟ್ಟ ರೇಣವ್ವನ ಮನೆಯ ಕಟ್ಟೆಯ ಮೇಲೆ.

"ಲ್ಯಾಬಿನ ರಿಪೋರ್ಟೇ ಅದ ಮೇಡಂ. ಇನ್ನೇನು ಕೇಳೂದು?" ಎಂದ ಕಂಪನಿಯ ಪರವಾಗಿ ಬಂದಿದ್ದ ಗೌರವ.

ಅಷ್ಟರಲ್ಲಿ ರೇಣವ್ವ ತಂಬಿಗೆ ನೀರು, ಬೆಲ್ಲದ ತುಂಡು ತಂದಳು. ಜಗಳಕ್ಕೆ ಬಂದವರಿಗೂ ಈ ಕಡೆ ಮೊದಲು ನೀರು ಕೊಡುತ್ತಾರೆ.

"ತಗೋರಿ ಸಾಹೇಬ್ರ," ಎಂದು ಮೊದಲು ಬಿಂದುಮಾಧವನಿಗೇ ಕೊಟ್ಟಳು. "ನಿಮ್ಮ ರಿಪೋರ್ಟ್ ಬಂತು, ಕಂಪನಿಯವ್ರು ಅಲ್ಲೀತನಕ ಕಳಸತಿದ್ದ ನೀರಿನ ಟ್ಯಾಂಕರ್ ಬಂದ್ ಮಾಡಿದ್ರು. ಕಲತಾವ್ರು ಬರದಾರ ಅಂದ್ರ ಖರೇನ ಇರತೈತಿ ಅಂತ ಬಾವಿ ನೀರ ಕುಡ್ಯಾಕ ಹತ್ತೇವ್ರಿ. ಸೊಸಿ ಪ್ರಮಿಳಾಗ ಹೊಟ್ಟಿನೋವು ಬಿಟ್ಟಿಲ್ಲ. ನೀರ ಚಲೋ ಐತಿ ಅಂದಮ್ಯಾಲೆ ಬ್ಯಾರೆ ಏನರ ಇರಬೇಕ್ರಿ."

ತಂಬಿಗೆ ಬಾಯಿಯ ಹತ್ತಿರ ಹೋಗಿ ನಿಂತಿತು. ಜೀಪಿನಲ್ಲಿ ತಾನು ಬೆಳಗಾವಿಯಿಂದ ತಂದ ನೀರಿನ ಬಾಟಲಿ ನೆನಪಾಗಿ ಅವನಿಗೆ ತನ್ನ ಮೇಲೇ ಹೇಸಿಕೆಯಾಯಿತು. ಈ ಮುದುಕಿ ತನ್ನನ್ನು ನಂಬಿದ್ದಳು. ತನ್ನನ್ನು!

ತಂಬಿಗೆ ಕೆಳಗಿಟ್ಟ.

"ಆಯಿ, ಈ ನೀರು ಕುಡೀಬ್ಯಾಡ್ರಿ. ನಾ ನಿಮ್ಮ ಬಾವಿ ಕಡೆ ಬಂದೇ ಇಲ್ಲ. ಕಂಪನಿ ನಳದ ನೀರಿಗೆ ಸಹಿ ಮಾಡೀನಿ. ಗೊತ್ತಿದ್ದೂ ಮಾಡೀನಿ."

"ಸರ್, ನೌಕರಿ ಹೋಗ್ತದ ನಿಮ್ದು!" ಗೌರವ ಎದ್ದೇ ನಿಂತ.

ಸುಹಾಸಿನಿ ಅವನತ್ತ ನೋಡಲಿಲ್ಲ. ಬಿಂದುಮಾಧವನ ಮುಂದೆ ಬಿಳಿ ಹಾಳೆ ಇಟ್ಟರು. "ಇದನ್ನೇ ಬರದ ಕೊಡ್ರಿ. ಬಾವಿ ನೀರು ಈಗ ನನ್ನೆದುರಿಗೇ ತಗೀತಾರ. ಟ್ಯಾಂಕರ್ ನಾಳಿಂದ ಕಂಪನಿಯವ್ರೇ ಕಳಸಬೇಕು."

ಬರೆದ. ಕೆಳಗೆ ಸಹಿ ಹಾಕಿದ. ಇನ್ನು ಮುದುಕಿ ಮುಖಕ್ಕೆ ಉಗಿಯುತ್ತಾಳೆ, ಬಾಯಿಗೆ ಬಂದಂತೆ ಬೈಯುತ್ತಾಳೆ ಎಂದು ತಲೆ ತಗ್ಗಿಸಿ ಕಾದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ರೇಣವ್ವ ಬಗ್ಗಿ ತಂಬಿಗೆ ಎತ್ತಿಕೊಂಡು ಸೆರಗಿನಲ್ಲಿ ಮುಚ್ಚಿದಳು.

"ತಪ್ಪ ಆತ್ರಿ ಸಾಹೇಬ್ರ," ಎಂದಳು, "ಮನಿಗೆ ಬಂದಾವ್ರ ಕೈಯಾಗ ಇಂಥಾ ನೀರ ಕೊಟ್ನಲ್ರೀ."